ಅಂಗಳದ ಹಗೇವು

ಹಾವೇರಿ ಜಿಲ್ಲೆಯಾಯಿತೆಂದು ಊರೆಲ್ಲ ಪೇಢೆ ಹಂಚಿದ ವರ್ಷ ಕರೆವ್ವನ ಪಾಲಿಗೆ ಬಂದದ್ದು ಇಷ್ಟೇ: ಬಯಲಕಡೆ ಹೋಗಲು ಇದ್ದ ಜಾಗ ಹೋಯಿತು. ಓಣಿಯ ಹಿಂದಿನ ಜಾಲಿಕಂಟಿಯ ಹೊಲ ಪ್ಲಾಟುಗಳಾಯಿತು. ಕಂಟಿ ಕಡಿದರು, ಸಾಲಾಗಿ ಕಲ್ಲು ನೆಟ್ಟರು, ಸಾಲದ್ದಕ್ಕೆ ಕಂಬ ಹುಗಿದು ಟ್ಯೂಬ್‌ಲೈಟು ಹಾಕಿದರು. ಹೆಂಗಸರು ಬೆಳಕು ಹರಿಯುವ ಮುಂಚೆ ಚರಿಗೆ ಹಿಡಿದು ಹೋಗುತ್ತಿದ್ದ ಜಾಗದಲ್ಲಿ ಹೊಸ ಸಾಹೇಬರು ಕೈ ಬೀಸಿಕೊಂಡು ವಾಕಿಂಗು ಮಾಡತೊಡಗಿದರು. ಜಿಲ್ಲೆಯಾದದ್ದರ ಬಗ್ಗೆ ಅಷ್ಟೆಲ್ಲ ಭಾಷಣಗಳಾದವು, ಈ ಮಾತು ಒಂದರಲ್ಲೂ ಬರಲಿಲ್ಲ. ಬರುವುದೂ ಇಲ್ಲ ಬಿಡಿ.

ಕರೆವ್ವನ ಗಂಡ ಭರಮಣ್ಣ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ತೂಕ ನೋಡುವವ. ಮಗ ಶಿವಾನಂದ ಹೊಸ ಕಚೇರಿಗಳ ಎದುರಿಗೆ ಝೆರಾಕ್ಸ್ ಅಂಗಡಿ ಇಟ್ಟಿದ್ದ. ಅತ್ತೆ ಉಚ್ಚಂಗೆವ್ವ ಹೆಚ್ಚಾಗಿ ಇವರ ಹತ್ತಿರವೇ ಇರುತ್ತಿದ್ದಳು. ಭರಮಣ್ಣನ ತಮ್ಮ ಗಿರಿಯಪ್ಪ ಮಾತ್ರ ಗುತ್ತಲದ ಆಚೆ, ಹೊಳೆದಂಡೆಯ ಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದ.

ಎರಡು ಊರಿನ ಈ ಒಂದು ಮನೆತನವನ್ನು ಹಿಡಿದಿಟ್ಟದ್ದು ಹಾವೇರಿಯ ಮನೆಯ ಅಂಗಳದಲ್ಲಿದ್ದ ಹಗೇವು. ನೆಲದೊಳಗೆ ಗಡಿಗೆಯ ಆಕಾರಕ್ಕೆ ತೋಡಿದ ಕಾಳಿನ ಗುಂಡಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡದು. ಹಳ್ಳಿಯಲ್ಲಿ ತೋಡಿದರೆ ಹೊಳೆಯ ತೇವ ಏರಿ ಜೋಳ ಮುಗ್ಗುತ್ತಿತ್ತು. ಹಾವೇರಿಯದು ಗಟ್ಟಿ ಗರಸು ನೆಲ. ಹಾಗಾಗಿ ಗಿರಿಯಪ್ಪ ಸುಗ್ಗಿ ಮುಗಿಸಿ ಶಿವರಾತ್ರಿಯ ಹೊತ್ತಿಗೆ ಎಲ್ಲ ಜೋಳವನ್ನೂ ಇಲ್ಲಿಗೇ ತಂದು ತುಂಬುತ್ತಿದ್ದ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿಗೆ ಒಮ್ಮೆ ಬಂದು ಬಾಯಿ ತೆಗೆದು ತನ್ನ ಮನೆಗೆ ಬೇಕಾದಷ್ಟು ಒಯ್ಯುತ್ತಿದ್ದ. ಯಾರೂ ಅಳೆದು ಕೊಟ್ಟದ್ದಿಲ್ಲ, ಅವನು ಅಳೆದು ಒಯ್ದದ್ದಿಲ್ಲ. ಬೇರೆಯಾಗುವ ಮಾತು ಆ ಮನೆಯಲ್ಲಿ ಎಂದೂ ಬಂದಿರಲಿಲ್ಲ.

ಕರೆವ್ವ ಸೊಸೆಯಾಗಿ ಬಂದಾಗ ಗಿರಿಯಪ್ಪ ಮೂಗು ಒರೆಸಿಕೊಳ್ಳಲು ಬಾರದ ಹುಡುಗ. ಇದೇ ಮನೆಯಲ್ಲಿದ್ದು ಸಾಲಿಗೆ ಹೋದ, ಸಾಲಿ ತಲೆಗೆ ಹತ್ತಲಿಲ್ಲ, ಹಳ್ಳಿಗೆ ಹೋಗಿ ಹೊಲ ಹಿಡಿದ. ಮೊದಲ ಸಲ ಹಗೇವಿಗೆ ಇಳಿಸುವಾಗ, "ಹಗ್ಗ ವೈನಿ ಹಿಡದ್ರ ಅಷ್ಟ ಇಳೀತೇನಿ, ಇಲ್ಲಂದ್ರ ಇಲ್ಲ," ಎಂದು ಅತ್ತಿಗೆಯ ಮುಂದೆ ಹಟ ಹಿಡಿದಿದ್ದ. ಈಗ ಮೀಸೆ ಬೆಳ್ಳಗಾಗುತ್ತ ಬಂದಿದ್ದರೂ ಹಗ್ಗ ಅವಳೇ ಹಿಡಿಯಬೇಕು. ಬಂದವನೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಂಚಿನ ಮೇಲಿನ ರೊಟ್ಟಿಗೆ ಕೈ ಹಾಕುವವ ಅವನು. ನೆಂಟರು ಬಂದರೆ ಅಕ್ಕಿ ಆರಿಸಿ ಅನ್ನಕ್ಕೆ ಇಡಬೇಕು, ತುಪ್ಪ ಕಾಸಬೇಕು. ಗಿರಿಯಪ್ಪ ಬಂದರೆ ಇನ್ನೆರಡು ರೊಟ್ಟಿ ಬಡಿದರೆ ಮುಗಿಯಿತು.

ಆ ದೀಪಾವಳಿಗೂ ಬಂದ. ಹಗೇವಿನಲ್ಲಿ ಉಳಿದಿದ್ದ ಜೋಳವನ್ನೆಲ್ಲ ತೆಗೆದು, ತನಗೆ ಬೇಕಾದಷ್ಟು ಕಟ್ಟಿಕೊಂಡು ಉಳಿದದ್ದನ್ನು ಒಳಗಿಟ್ಟ. "ಈ ಸಲ ಒಂದೀಟು ಹತ್ತಿ ಹಾಕೇನಿ. ಬಿಡಸೂ ಹೊತ್ತಿಗೆ ಮನ್ಯಾಗ ಒಬ್ಬರು ಬೇಕು," ಎಂದು ತಾಯಿಯನ್ನು ಹಳ್ಳಿಗೆ ಕರೆದುಕೊಂಡು ಹೋದ.

ಅವರು ಹೋದ ಮೇಲೆ ಶಿವಾನಂದ ಬಾಡಿಗೆಯವರನ್ನು ಹುಡುಕಿಕೊಂಡು ಬಂದ. ಮುಂದಿನ ಎರಡು ಕೋಲಿ ಖಾಲಿ ಇದ್ದವು. ಪ್ರಭಾಕರ ಎಂಬ ಸಾಹೇಬ ತುಮಕೂರು ಕಡೆಯಿಂದ ವರ್ಗವಾಗಿ ಬಂದಿದ್ದ, ಜೊತೆಗೆ ಹೆಂಡತಿ ನಲಿನಿ. ನಲಿನಿ ಎರಡೂ ಕೋಲಿ ನೋಡಿದಳು, ಕಿಟಕಿ ತೆಗೆದು ಹಾಕಿದಳು.

"ಮನೆ ಚೆನ್ನಾಗಿದೆ, ಗಾಳಿ ಬೆಳಕು ಎಲ್ಲ ಇದೆ," ಎಂದಳು. ಆಮೇಲೆ ದನಿ ಇಳಿಸಿ, "ಟಾಯ್ಲೆಟ್ ಎಲ್ಲಿದೆ ಅಮ್ಮ?" ಎಂದಳು.

ಕರೆವ್ವ ಹಿತ್ತಲ ಕಡೆ ಕೈ ಮಾಡಿದಳು. ಹಿತ್ತಲಲ್ಲಿ ಒಂದು ಬಾವಿ ಬಿಟ್ಟರೆ ಏನೂ ಇರಲಿಲ್ಲ. ನಲಿನಿಗೆ ಅರ್ಥವಾಯಿತು. "ಕಟ್ಟಿಸೋದಾದ್ರೆ ಹೇಳಿ, ನಾವು ಒಂದು ತಿಂಗಳು ಕಾಯ್ತೀವಿ," ಎಂದು ಹೋದಳು.

ಅಂದು ಊಟಕ್ಕೆ ಕೂತಾಗ ಶಿವಾನಂದ ಮಾತು ತೆಗೆದ. "ಕಟ್ಟಸೂಣಪಾ. ಬಾಡಿಗಿ ಬರತೈತಿ, ನಮಗೂ ಆಗತೈತಿ. ಇನ್ನ ಎಷ್ಟ ದಿನ ಅವ್ವ ಚರಗಿ ಹಿಡಕೊಂಡು ರೇಲ್ವೆ ಹಳಿ ದಾಟಬೇಕು?"

"ಕಟ್ಟಸೂದು ಎಲ್ಲಿ?" ಎಂದ ಭರಮಣ್ಣ. "ಹಿತ್ತಲಾಗ ಬಾವಿ ಐತಿ. ಬಾವಿ ಮಗ್ಗಲಕ ಯಾರರ ಪಾಯಖಾನಿ ಕಟ್ಟತಾರೇನ?"

"ಅಂಗಳದಾಗ."

"ಅಂಗಳದಾಗ ಹಗೇವ ಐತಿ."

"ಅದನ್ನ ಹೇಳಾಕತ್ತೇನಿ. ತೆಗ್ಗು ತೋಡೂ ಖರ್ಚ ಉಳೀತು."

ಭರಮಣ್ಣನ ತುತ್ತು ಕೈಯಲ್ಲೇ ಉಳಿಯಿತು. "ನಾಲಿಗಿ ಐತಂತ ಏನರ ಮಾತಾಡಬ್ಯಾಡ ಮಗನ. ಉಣ್ಣೂ ಅನ್ನ ಇಟ್ಟ ಜಾಗಾ ಅದು."

"ಉಣ್ಣವ್ರ ಯಾರು? ಹಗೇವಿನ ಜೋಳದ ರೊಟ್ಟಿ ವಾಸನಿ ಹೊಡೀತಾವ. ಚೀಲದಾಗಿನ ಜೋಳ ಪ್ಯಾಟ್ಯಾಗ ಬೇಕಾದಷ್ಟು ಸಿಗತಾವ."

ಗಂಡ ತನ್ನ ಕಡೆ ನೋಡಿದ್ದಕ್ಕೆ ಕರೆವ್ವ ಬಾಯಿ ಬಿಟ್ಟಳು. "ನನ್ನ ಕೇಳಬ್ಯಾಡ್ರಿ. ಕೇಳಿದ್ರ ಖರೇ ಹೇಳತೇನಿ. ಮೊನ್ನೆ ನಸುಕಿನ್ಯಾಗ ಹಳಿ ಮಗ್ಗಲಕ ಹೋಗಿದ್ದೆ. ಗಾಡಿ ಬೆಳಕ ಬಿತ್ತಂದ್ರ ಏಳಬೇಕು, ದಾಟಿ ಹೋತಂದ್ರ ಕುಂದ್ರಬೇಕು. ಹಿಂಗ ಎದ್ದು ಕುಂತು, ಎದ್ದು ಕುಂತು, ಕಡೀಕೆ ಹಂಗ ಮನೀಗೆ ಬಂದೆ. ನೀವು ಗಂಡಸರು, ನಿಮಗ ಊರೆಲ್ಲಾ ಬಯಲ."

ಭರಮಣ್ಣ ತಾಟಿನಲ್ಲೇ ಕೈ ತೊಳೆದುಕೊಂಡ. "ಗಿರಿಯಪ್ಪಗ ಏನ ಹೇಳೂದು?" ಎಂದ.

"ಅವಗ ನಾ ಹೇಳತೇನಿ. ನನ್ನ ಮಾತ ಅವ ಮೀರೂದಿಲ್ಲ."

ಆ ಧೈರ್ಯ ಅವಳಿಗಿತ್ತು. ತಾನು ಸಾಕಿದ ಹುಡುಗ, ಹೇಳಿದರೆ ಕೇಳುತ್ತಾನೆ ಎಂದುಕೊಂಡಳು. ಹೇಳಿದ್ದರೆ ಕೇಳುತ್ತಿದ್ದನೋ ಏನೋ, ಆ ಮಾತು ಈಗ ಯಾಕೆ.

ಗೌಂಡಿ ಇಸಾಕಸಾಬ ಹಾರೆ ಬುಟ್ಟಿ ತಂದು ಹಗೇವಿನ ಕಲ್ಲು ಸರಿಸಿದ. ಒಳಗೆ ಬಗ್ಗಿ ನೋಡಿದವನು ಹಾಗೇ ಕೂತ. "ಯಕ್ಕಾ, ಇನ್ನೂ ಜ್ವಾಳದ ವಾಸನಿ ಐತಿ. ಹಿರೇ ಅಮ್ಮ ಬಂದ ಮ್ಯಾಲ ಕೆಲಸ ಹಚ್ಚೂಣಲ್ಲ?"

"ಅವ್ರು ಬರೂದು ಶಿವರಾತ್ರಿಗೆ. ಆ ಸಾಹೇಬ್ರು ಅಲ್ಲೀತನಾ ಕಾಯ್ತಾರೇನ? ಹಚ್ಚಪಾ ನೀ."

ಇಸಾಕಸಾಬ ಒಳಗಿಳಿದು ಸುತ್ತಲೂ ಹಾಸಿದ್ದ ಒಣಹುಲ್ಲು ತೆಗೆದು ಮೇಲೆ ಎಸೆದ. ತಳದಲ್ಲಿ ಚೆಲ್ಲಿದ್ದ ಜೋಳವನ್ನು ಕೈಯಿಂದ ಬಳಿದು, ತಲೆಯ ಟಾವೆಲಿನಲ್ಲಿ ಕಟ್ಟಿ ಕರೆವ್ವನ ಕೈಗೆ ಕೊಟ್ಟ. ಅವಳು ಅದನ್ನು ಆರಿಸಿ ಬೀಸಿ ಅಂದೇ ರೊಟ್ಟಿ ಮಾಡಿದಳು. ಶಿವಾನಂದ ತಾಟು ಸರಿಸಿ ಅನ್ನ ಹಾಕಿಸಿಕೊಂಡ.

ಪಾಯಖಾನೆ ಎದ್ದಿತು. ನೀಲಿ ಬಣ್ಣದ ತಗಡಿನ ಬಾಗಿಲು ಎರಡು, ಒಂದು ಬಾಡಿಗೆಯವರಿಗೆ, ಒಂದು ಮನೆಯವರಿಗೆ. ಕೆಳಗಿನ ಗುಂಡಿ ಒಂದೇ. ಸುಳ್ಳು ಯಾಕೆ ಹೇಳಬೇಕು, ಕರೆವ್ವನಿಗೆ ಸುಖವಾಯಿತು. ನಸುಕಿನಲ್ಲಿ ಎದ್ದು ಓಡುವುದು ತಪ್ಪಿತು. ಹೊತ್ತು ಮುಳುಗುವ ತನಕ ಹೊಟ್ಟೆ ಹಿಡಿದುಕೊಂಡು ಕೂರುವುದು ತಪ್ಪಿತು. ನೀರು ಕುಡಿಯಬೇಕೆನ್ನಿಸಿದಾಗ ಕುಡಿದಳು. ಓಣಿಯ ಶರೀಫಾಬಿ ಮೊಮ್ಮಗಳನ್ನು ಕರೆದುಕೊಂಡು ಬಂದು, "ನಿನ್ನ ಪುಣ್ಯ ದೊಡ್ಡದು ನೋಡ ಕರೆವ್ವಾ," ಎಂದು ಹೇಳಿ ಹೋದಳು.

ಗಿರಿಯಪ್ಪನಿಗೆ ಹೇಳುವುದೊಂದೇ ಉಳಿಯಿತು. ಎಳ್ಳಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ರೂಢಿ. ನಿಂತ ಜೋಳದ ಬೆಳೆಯಲ್ಲಿ ತಿರುಗಾಡಿ, ಎಡೆ ಚೆಲ್ಲಿ, ಅಲ್ಲೇ ಎಲ್ಲರೂ ಕೂತು ಉಣ್ಣಬೇಕು. ಅಂದೇ ಹೇಳಿಬಿಡುತ್ತೇನೆಂದು ಕರೆವ್ವ ಸಜ್ಜೆ ರೊಟ್ಟಿ, ಎಳ್ಳು ಹೋಳಿಗೆ ಎಲ್ಲ ಮಾಡಿದಳು. ಬಸ್ಸಿನ ಬಾಗಿಲ ತನಕ ಹೋದವಳು ಹತ್ತಲಿಲ್ಲ. "ಮೊಣಕಾಲ ಹಿಡದಾವಂತ ಹೇಳ್ರಿ," ಎಂದು ಗುತ್ತಲದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬುತ್ತಿ ಕೊಟ್ಟು ಕಳಿಸಿದಳು. ಯಾಕೆ ಬರಲಿಲ್ಲ ಎಂದು ಹಳ್ಳಿಯಿಂದ ಯಾರೂ ಕೇಳಿ ಕಳಿಸಲಿಲ್ಲ. ಅವಳಿಗೆ ಅದೇ ಸಮಾಧಾನವಾಯಿತು. ಹಳ್ಳಿಯವರಿಗೂ ಇವರು ಬಾರದ್ದು ಸಮಾಧಾನವಾಗಿತ್ತು ಎನ್ನುವುದು ಅವಳಿಗೇನು ಗೊತ್ತು.

ಶಿವರಾತ್ರಿಯ ಮರುದಿನ ಮಧ್ಯಾಹ್ನ ಬಾಗಿಲಿಗೆ ಟೆಂಪೋ ಬಂದು ನಿಂತಿತು. ಮೊದಲು ಉಚ್ಚಂಗೆವ್ವ ಇಳಿದಳು, ಉಡಿಯಲ್ಲಿ ತೆಂಗಿನಕಾಯಿ. ಜೋಳ ಇಳಿಸುವ ಮುಂಚೆ ಹಗೇವಿನ ಬಾಯಿಗೆ ಕುಂಕುಮ ಹಚ್ಚಿ ಕಾಯಿ ಒಡೆಯುವವಳು ಅವಳೇ. ಗಿರಿಯಪ್ಪ ಚೀಲಗಳ ಮೇಲಿಂದ ಕೂಗಿದ. "ವೈನೀ, ಹಗ್ಗ ತಗಿ."

ಅಡಿಗೆಮನೆಯಲ್ಲಿದ್ದ ಕರೆವ್ವ ಕೈ ಒರೆಸಿಕೊಂಡು ಎದ್ದಳು. ಅವಳು ಹೊರಗೆ ಬರುವಷ್ಟರಲ್ಲಿ ಮುದುಕಿ ಅಂಗಳಕ್ಕೆ ಬಂದು ನೀಲಿ ಬಾಗಿಲಿನ ಮುಂದೆ ನಿಂತಿದ್ದಳು. ಅದೇ ಹೊತ್ತಿಗೆ ಬಾಗಿಲು ತೆರೆದು ಪ್ರಭಾಕರ ಬಕೀಟು ಹಿಡಿದು ಹೊರಗೆ ಬಂದ. ಒಳ್ಳೆಯ ಮನುಷ್ಯ, "ನಮಸ್ಕಾರ ಅಜ್ಜಿ," ಎಂದು ತನ್ನ ಕೋಲಿಗೆ ಹೋದ.

"ಇದೇನವಾ ಕರೆವ್ವಾ?"

"ಪಾಯಖಾನಿ ರೀ ಅತ್ತಿ."

"ಹಗೇವ ಎಲ್ಲೈತಿ?"

ಕರೆವ್ವ ನೀಲಿ ಬಾಗಿಲಿನ ಕೆಳಗೆ ಕೈ ಮಾಡಿದಳು.

"ಅದರಾಗ?"

"ಹೂಂ ರೀ."

ಉಚ್ಚಂಗೆವ್ವ ತೆಂಗಿನಕಾಯಿಯನ್ನು ಮತ್ತೆ ಉಡಿಯಲ್ಲಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಳು. ಭರಮಣ್ಣನನ್ನು ಅಂಗಡಿಯಿಂದ ಕರೆಸಿದರು. ಅವನು ಬಂದು ಕಂಬಕ್ಕೆ ಆತು ನಿಂತ.

"ನಿನಗ ಹೇಳಾಕ ಬಾಯಿ ಇರಲಿಲ್ಲೇನ?" ಎಂದಳು ತಾಯಿ.

"ಇಕಿ ಹೇಳತೇನಿ ಅಂದಿದ್ಲು."

"ಹೇಳಬೇಕಂತ ಇದ್ದೆ ರೀ," ಎಂದಳು ಕರೆವ್ವ. "ಬಯಲಿಗೆ ಹೋಗಾಕ ಜಾಗಾ ಇಲ್ಲ ಅತ್ತಿ. ನೀವೂ ನೋಡೀರಿ."

"ನೋಡೇನಿ. ನಾನೂ ಹೆಣ್ಣಾಗಿ ಹುಟ್ಟೇನಿ. ನಿನ್ನ ತ್ರಾಸ ನನಗ ಗೊತ್ತಿಲ್ಲಂತಲ್ಲ. ಕೇಳಿ ಮಾಡಿದ್ರ ನಾನೇನ ಬ್ಯಾಡ ಅಂತಿದ್ದೆನ? ಇನ್ನೊಂದ ತೆಗ್ಗ ತೋಡಸಾಕ ಆಗತಿದ್ದಿಲ್ಲೇನ? ಅದನ್ನ ಹುಡಿಕಿ ಅದರಾಗ ಮಾಡಿದ್ರಲ್ಲ."

ಗಿರಿಯಪ್ಪ ಬೈಯಲಿಲ್ಲ, ಕೇಳಲಿಲ್ಲ. ಟೆಂಪೋದವನ ಜೊತೆ ಸೇರಿ ಚೀಲಗಳನ್ನು ಒಂದೊಂದಾಗಿ ಹೊತ್ತು ಪಡಸಾಲೆಯಲ್ಲಿ ಒಟ್ಟಿದ. ಬೈದಿದ್ದರೆ ಕರೆವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ಏನಾದರೂ ಮಾಡಬೇಕಲ್ಲ ಎಂದು ಅವಳು ಚೀಲಗಳನ್ನು ಸರಿಪಡಿಸಲು ಹೋದಳು. ಆಗ ಚೀಲದ ಬಾಯಿ ಕಣ್ಣಿಗೆ ಬಿತ್ತು. ಅವರ ಮನೆಯ ಚೀಲಗಳನ್ನು ಗಿರಿಯಪ್ಪ ದಬ್ಬಣದಿಂದ ಸುತಳಿ ಹಾಕಿ ಹೊಲಿಯುತ್ತಿದ್ದ. ಇವು ಮಶೀನಿನ ಬಿಳಿ ನೂಲಿನ ಹೊಲಿಗೆ, ಮೇಲೆ ರಾಣೆಬೆನ್ನೂರಿನ ಅಂಗಡಿಯ ಮುದ್ರೆ.

"ಗಿರಿಯಪ್ಪಾ, ಇದು ನಮ್ಮ ಹೊಲದ ಜ್ವಾಳ ಅಲ್ಲಲ್ಲೋ."

ಅವನು ಟಾವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಅಲ್ಲ ವೈನಿ. ಈ ವರ್ಷ ಜ್ವಾಳ ಬಿತ್ತಿಲ್ಲ. ಹೊಲಾ ಪೂರಾ ಸೀಡ್ಸ್ ಹತ್ತಿ ಹಾಕೇನಿ. ರಾಣೆಬೆನ್ನೂರ ಕಂಪನಿಯವ್ರು ಬೀಜಾ ಕೊಟ್ಟು ಅವರ ಒಯ್ತಾರ. ಜ್ವಾಳ ಕೀಳಾಕ ಆಳ ಎಲ್ಲಿ ಅದಾವ? ಊರಾಗಿನ ಹೆಣ್ಮಕ್ಕಳೆಲ್ಲ ಮುಂಜೇಲೆ ಗಾಡಿ ಹತ್ತಿ ಬ್ಯಾಡಗಿಗೆ ಹೋಗತಾರ, ಮೆಣಸಿನಕಾಯಿ ತೊಟ್ಟು ಬಿಡಸಾಕ. ನೆಳ್ಳಾಗ ಕುಂತು ಮಾಡೂ ಕೆಲಸ ಬಿಟ್ಟು ಬಿಸಲಾಗ ಯಾರ ಬರತಾರ?"

"ಅಲ್ಲೋ, ಮತ್ತ ಕೊಂಡು ಯಾಕ ತಂದಿ? ಹಾವೇರ್ಯಾಗ ಜ್ವಾಳ ಸಿಗೂದಿಲ್ಲೇನ?"

"ಸಿಗತಾವ." ಅವನು ನೀಲಿ ಬಾಗಿಲಿನ ಕಡೆ ಒಮ್ಮೆ ನೋಡಿದ. "ಜ್ವಾಳ ತರದಿದ್ರ ನಾ ಈ ಮನೀಗೆ ಏನಂತ ಬರ್ಲಿ ವೈನಿ?"

ಕರೆವ್ವನಿಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋಗಿ ಒಲೆಗೆ ಬೆಂಕಿ ಮಾಡಿದಳು, ಹಿಟ್ಟು ಕಲಸಿದಳು. ಹಂಚು ಕಾಯುವಷ್ಟರಲ್ಲಿ ಹೊರಗೆ ಟೆಂಪೋದ ಸದ್ದಾಯಿತು. "ಡ್ರೈವರ ಅವಸರ ಮಾಡಾಕತ್ತಿದ್ದ," ಎಂದ ಭರಮಣ್ಣ. ಉಚ್ಚಂಗೆವ್ವ ತನ್ನ ಕೌದಿಯನ್ನೂ ಸೀರೆಯ ಗಂಟನ್ನೂ ಎತ್ತಿಕೊಂಡು ಮಗನ ಜೊತೆಗೇ ಹೋಗಿದ್ದಳು.

ಚೀಲಗಳು ಪಡಸಾಲೆಯಲ್ಲೇ ಕೂತವು. ಬಿಸಿಲು ಏರಿತು, ಜೋಳಕ್ಕೆ ನುಸಿ ಹತ್ತಿತು. ನುಸಿ ಹಾರಿ ಹೋಗಿ ನಲಿನಿಯ ಹಾಲಿನ ಪಾತ್ರೆಯಲ್ಲಿ ಬಿತ್ತು. "ಇಷ್ಟೊಂದು ಮೂಟೆ ಯಾಕೆ ಇಟ್ಕೊಂಡಿದೀರಾ ಅಮ್ಮ?" ಎಂದು ಅವಳು ನಯವಾಗಿಯೇ ಕೇಳಿದಳು. ಶಿವಾನಂದ ಅಪ್ಪನ ಬೆನ್ನು ಹತ್ತಿದ.

"ಅಂಗಡ್ಯಾಗ ಮಾರಿಬಿಡೂಣು ಬಿಡಪಾ."

"ನಿಮ್ಮ ಕಾಕಾ ತಂದದ್ದು. ಮಾರಾಕ ನಾ ಯಾರು?" ಎಂದ ಭರಮಣ್ಣ. ಇತ್ತೀಚೆಗೆ ಅವನು ಶನಿವಾರ ಬಂದರೆ ಕದರಮಂಡಲಗಿಯ ಹಣಮಪ್ಪನ ಗುಡಿಗೆ ಹೋಗಿ ಸಂಜೆ ತನಕ ಅಲ್ಲೇ ಕೂತಿರುತ್ತಿದ್ದ.

ಯುಗಾದಿ ಹತ್ತಿರ ಬಂದಾಗ ಕರೆವ್ವ ಒಂದು ತೀರ್ಮಾನಕ್ಕೆ ಬಂದಳು. "ಗಿರಿಯಪ್ಪಂದು ಅವಗ ಮುಟ್ಟಸೂಣು. ನಾ ಹೋಗಿ ಅತ್ತಿ ಕಾಲ ಹಿಡೀತೇನಿ. ಹಬ್ಬಕ್ಕ ಕರಕೊಂಡ ಬರತೇನಿ."

ಚೀಲಗಳನ್ನು ಎರಡು ಒಟ್ಟು ಮಾಡಿದರು, ಒಂದು ಚೀಲ ಹೆಚ್ಚಾಯಿತು. ಭರಮಣ್ಣ ಅದನ್ನು ತಮ್ಮನ ಒಟ್ಟಿಗೆ ನೂಕಿದ. "ಅದನ್ನೂ ಅವಗ ಕೊಟ್ಟಬಿಡು."

"ಹಂಗ ಕೊಟ್ರ ಅವ ತಗೊಳ್ಳೂದಿಲ್ಲ, ಸಂಕೋಚ ಮಾಡತಾನ. ಸರೀ ಅರ್ಧಾ ಇರ್ಲಿ."

"ಅಳಿಯೂದು ಬ್ಯಾಡ."

"ಅವಂದು ಒಂದ ಕಾಳ ನಮ್ಮ ಕಡೆ ಉಳಿದ್ರ ನನಗ ನಿದ್ದಿ ಹತ್ತೂದಿಲ್ಲ," ಎಂದು ಕರೆವ್ವ ಸೇರು ತಂದಳು. ಆ ಮನೆಯಲ್ಲಿ ಸೇರು ಇದ್ದದ್ದು ಹಿಟ್ಟು ಅಕ್ಕಿ ಅಳೆಯಲು. ಅವಳು ನುಸಿ ಕೇರಿ, ತುದಿಗೆ ಬೆರಳು ಆಡಿಸಿ, ಅವನಿಗೊಂದು ತನಗೊಂದು ಎಂದು ತಪ್ಪದೆ ಅಳೆದಳು. ಭರಮಣ್ಣ ನೋಡಲಾರದೆ ಎದ್ದು ಹೊರಗೆ ಹೋದ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿದ್ದಳು, ಪಾಪ.

ಶಿವಾನಂದನನ್ನು ಕರೆದುಕೊಂಡು ಟೆಂಪೋದಲ್ಲಿ ಹಳ್ಳಿಗೆ ಹೋದಳು. ದಾರಿಯುದ್ದಕ್ಕೂ ಜೋಳದ ಹೊಲ ಕಣ್ಣಿಗೆ ಬಿದ್ದದ್ದು ಕಡಿಮೆ, ಹತ್ತಿಯ ಒಣಗಿದ ಕಟ್ಟಿಗೆಯೇ ನಿಂತಿತ್ತು. ಗಿರಿಯಪ್ಪನ ಹೆಂಡತಿ ಉಡಚವ್ವ ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟಳು. ಉಚ್ಚಂಗೆವ್ವ ಕಟ್ಟೆಯ ಮೇಲೆ ಕೂತು ಹತ್ತಿ ಹಿಂಜುತ್ತಿದ್ದಳು. ಕರೆವ್ವ ಕಾಲು ಮುಟ್ಟಿದಳು. ಮುದುಕಿ ತಲೆಯ ಮೇಲೆ ಕೈ ಇಟ್ಟಳು, ಕರ್ಚೀಫು ಕಟ್ಟಿಕೊಂಡು ಚೀಲ ಇಳಿಸುತ್ತಿದ್ದ ಮೊಮ್ಮಗನ ಕಡೆ ನೋಡಿ, "ಇದೇನವಾ?" ಎಂದಳು.

"ಗಿರಿಯಪ್ಪನ ಪಾಲ್ ರೀ ಅತ್ತಿ. ಒಂದ ಕಾಳ ಹೆಚ್ಚುಕಡಿಮಿ ಇಲ್ಲ, ಸೇರಲೆ ಅಳದೇನಿ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಉಚ್ಚಂಗೆವ್ವನ ಕೈಯಲ್ಲಿ ಹತ್ತಿ ಹಾಗೇ ಇತ್ತು.

ಗಿರಿಯಪ್ಪ ಹಿತ್ತಲಿಂದ ಕೈ ತೊಳೆದುಕೊಂಡು ಬಂದ. ಚೀಲಗಳನ್ನು ನೋಡಿದ, ತುಂಬದೆ ಅರ್ಧಕ್ಕೇ ಕಟ್ಟಿದ್ದ ಕೊನೆಯ ಚೀಲವನ್ನೂ ನೋಡಿದ.

"ಅಳದೀಯೇನ ವೈನಿ?"

"ಹಂಗಲ್ಲೋ ತಮ್ಮಾ, ನಾ ಏನ ಪಾಲ ಮಾಡಾಕ ಅಳೀಲಿಲ್ಲ. ನಿಂದು ನಮ್ಮ ಕಡೆ ಉಳೀಬಾರ್ದಂತ..."

"ಇರ್ಲಿ ಬಿಡು," ಎಂದ ಅವನು. "ಎಂದರ ಒಂದಿನ ಆಗೂದ ಇತ್ತು. ಜಗಳಾ ಆಗಿ ಆಗೂಕಿಂತ ಹಿಂಗ ಆದದ್ದ ಚಲೋ ಆತು. ಅಣ್ಣಗ ಹೇಳು, ಹೊಲದ್ದೂ ಹಂಗ ಸರೀ ಅರ್ಧಾ ಮಾಡಿಬಿಡೂಣು."

ಸಿಟ್ಟಿನಿಂದ ಹೇಳಲಿಲ್ಲ. ಒಳಗಿಂದ ಜಮಖಾನೆ ತಂದು ಪಡಸಾಲೆಯಲ್ಲಿ ಹಾಸಿದ. ಆ ಜಮಖಾನೆ ಬೀಗರು ಬಂದಾಗ ಹಾಸುವುದು. ಕರೆವ್ವ ಅದರ ಮೇಲೆ ಕೂರಲಾರದೆ ಅಡಿಗೆಮನೆಯ ಕಡೆ ನಡೆದಳು. ಉಡಚವ್ವ ಹೊಸ್ತಿಲಿಗೆ ಬಂದಳು.

"ಒಳಗ ಹೊಗಿ ಐತಿ ಅಕ್ಕಾ. ಅಲ್ಲೇ ಕುಂದರು. ಅನ್ನಕ್ಕ ಇಟ್ಟೇನಿ, ಈಗ ಆಗತೈತಿ."

"ಅನ್ನಾ ಯಾಕ? ರೊಟ್ಟಿ ಇಲ್ಲೇನ ಕಾಕು?" ಎಂದು ಕೂಗಿದವನು ಶಿವಾನಂದ. ಅವನಿಗೆ ನಿಜವಾಗಿಯೂ ಹಸಿವಾಗಿತ್ತು.

"ಅದಾವಪಾ. ಆದ್ರ ಮುಂಜೇಲಿವು. ಹಾವೇರಿಯಿಂದ ಬಂದವ್ರಿಗೆ ಅವನ್ನ ಹೆಂಗ ಹಾಕ್ಲಿ?"

ಕರೆವ್ವ ತಿರುಗಿ ಬಂದು ಜಮಖಾನೆಯ ಅಂಚಿಗೆ ಕೂತಳು. ಹಬ್ಬಕ್ಕೆ ಕರೆಯಬೇಕೆಂದು ದಾರಿಯಲ್ಲಿ ಕೂಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಒಳಗೆ ಅಕ್ಕಿ ಕುದಿಯುವ ಸದ್ದು ಕೇಳುತ್ತಿತ್ತು. ತಿರುಗಿ ಹೋಗಲು ಗುತ್ತಲದಿಂದ ಯಾವ ಬಸ್ಸು ಸಿಗುತ್ತದೆಂದು ಗಿರಿಯಪ್ಪ ಶಿವಾನಂದನಿಗೆ ಬಿಡಿಸಿ ಹೇಳುತ್ತಿದ್ದ.

ಉಡಚವ್ವ ತೊಳೆದ ತಾಟಿನಲ್ಲಿ ಬಿಸಿ ಅನ್ನ ಹಾಕಿ, ಮೇಲೆ ಸಾರು, ಅದರ ಮೇಲೆ ಕಾಸಿದ ತುಪ್ಪ ಬಡಿಸಿದಳು. ನೆಂಟರಿಗೆ ಮಾಡುವ ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. "ನಾಚಬ್ಯಾಡ ಅಕ್ಕಾ, ಹೊಟ್ಟಿ ತುಂಬ ಉಣ್ಣು," ಎಂದು ಎರಡನೆಯ ಸಲವೂ ನೀಡಿದಳು. ಕರೆವ್ವ ತಲೆ ತಗ್ಗಿಸಿ ಉಂಡಳು.